ಇಂಗ್ಲಿಷ್ ಪೀರಿಯಡ್ಡಿನಲ್ಲಿ ಜಗಳ ಕಲಿಸಿದವರು

ಸಿಟ್ಟು ಬಂದರೆ ನಮ್ಮ ಇಂಗ್ಲಿಷ್ ಮೇಡಂ ಕುತ್ತಿಗೆಯ ಎಡಗಡೆ ಕಿರುಬೆರಳು ದಪ್ಪದ ಒಂದು ನರ ಉಬ್ಬುತ್ತಿತ್ತು. ಬೇಕೆಂದಾಗ ಉಬ್ಬಿಸುವುದೂ ಅವರಿಗೆ ಗೊತ್ತಿತ್ತು. ನಾಟಕದ ಪಾಠದಲ್ಲಿ ರಾಜನಾದರೆ ಉಬ್ಬುತ್ತಿತ್ತು, ಸೇವಕನಾದ ಕೂಡಲೇ ಇಳಿಯುತ್ತಿತ್ತು. ಮುಂದಿನ ಬೆಂಚಿನ ನಾವು ಪುಸ್ತಕ ಬಿಟ್ಟು ಅದನ್ನೇ ನೋಡುತ್ತಿದ್ದೆವು.

ವೇಮಗಲ್ ಕಡೆಯ ನಮ್ಮ ಹೈಸ್ಕೂಲಿಗೆ ಅವರು ಬಂದದ್ದು ಮುಳಬಾಗಿಲಿನಿಂದ. ಅವರ ಮನೆಮಾತು ತೆಲುಗು. ನಮ್ಮಲ್ಲೂ ಅರ್ಧ ಜನರದು ಅದೇ. ಒಂಬತ್ತನೇ ತರಗತಿಗೆ ಶತಮಾನಗಳ ಹಿಂದಿನ ಇಂಗ್ಲಿಷ್ ನಾಟಕವೊಂದರ ಭಾಗ ಪಾಠವಾಗಿತ್ತು. ಅದರ ಒಂದು ಸಾಲೂ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳಾಗಿದ್ದರೆ ಸಾರಾಂಶ ಬರೆಸಿ, ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುತ್ತಿದ್ದರು. ಮೇಡಂ ಪುಸ್ತಕವನ್ನೇ ಮುಚ್ಚಿಸುತ್ತಿದ್ದರು.

"ಈ ಮನುಷ್ಯನಿಗೆ ಏನ್ ಬೇಕು, ಅದು ಹೇಳ್ರಿ. ಡಿಕ್ಷನರಿ ಆಮೇಲೆ ನೋಡೋಣ," ಎನ್ನುತ್ತಿದ್ದರು. ಪ್ರತಿ ದೃಶ್ಯವನ್ನೂ ಮೊದಲು ನಮ್ಮ ಮನೆಯ ಜಗಳವಾಗಿ, ನಮ್ಮ ಮನೆಮಾತಿನಲ್ಲಿ ಆಡಬೇಕು. ಆಮೇಲೆ ಅದೇ ಉಸಿರಿನಲ್ಲಿ ಇಂಗ್ಲಿಷ್ ಓದಬೇಕು. ಇದು ಅವರ ಪದ್ಧತಿ.

ಅವತ್ತಿನ ದೃಶ್ಯದಲ್ಲಿ ಅವಮಾನಗೊಂಡವನೊಬ್ಬ ಅವಮಾನ ಮಾಡಿದವರ ಮುಂದೆ ನಿಂತು ತನ್ನ ಸೇಡಿಗೆ ಕಾರಣ ಹೇಳಬೇಕಿತ್ತು. ಮೇಡಂ ನನ್ನನ್ನು ಎಬ್ಬಿಸಿದರು. ಆ ವಾರವೇ ನಮ್ಮೂರ ಹಾಲಿನ ಡೈರಿಯಲ್ಲಿ, ನೀರು ಬೆರೆಸಿದ್ದೀಯ ಎಂದು ಅಮ್ಮನ ಕ್ಯಾನನ್ನು ಎಲ್ಲರೆದುರು ವಾಪಸು ತಳ್ಳಿದ್ದರು. ಅಮ್ಮ ಮಾತಾಡದೆ ಮನೆಗೆ ಬಂದಿದ್ದಳು. ಅವಳು ಆಡದ್ದನ್ನೆಲ್ಲ ನಾನು ಕ್ಲಾಸಿನಲ್ಲಿ ಆಡಿದೆ. "ಮಾ ಪಾಲು ನೀಳ್ಳಾ?" ಎಂದು ಶುರುಮಾಡಿದ್ದು ಗೊತ್ತು, ನಮ್ಮ ಹಾಲು ನೀರೇನೋ ಎಂದು. ಎಲ್ಲಿ ನಿಲ್ಲಿಸಿದೆನೋ ಗೊತ್ತಿಲ್ಲ. "ಈಗ ಪುಸ್ತಕ ತೆಗಿ, ಅದೇ ಕೋಪದಲ್ಲಿ ಓದು," ಎಂದರು ಮೇಡಂ. ಓದಿದೆ. ಪ್ರತಿ ಸಾಲೂ ಅರ್ಥವಾಯಿತು.

ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. "ಏನ್ ಮೇಡಂ, ಇದು ಇಂಗ್ಲಿಷ್ ಪೀರಿಯಡ್ಡಾ, ಬೀದಿ ಜಗಳಾನಾ? ನಿಮಗೇ ಇಂಗ್ಲಿಷ್ ಬರುತ್ತೋ ಇಲ್ವೋ ಅಂತ ನನಗೆ ಅನುಮಾನ," ಎಂದು ನಮ್ಮೆದುರೇ ಹೇಳಿ ನಕ್ಕರು. ಮೇಡಂ ತಲೆ ತಗ್ಗಿಸಲಿಲ್ಲ. ಹೆಡ್‌ಮಾಸ್ಟರು ಮೇಲಿನವರಿಗೆ ದೂರು ಕೊಟ್ಟರು. ವರ್ಷ ಮುಗಿಯುವ ಮೊದಲೇ ಮೇಡಂ ಅವರನ್ನು ಶ್ರೀನಿವಾಸಪುರಕ್ಕೆ ವರ್ಗ ಮಾಡಿದರು. ಉಳಿದ ಪಾಠವನ್ನು ನಾವು ಗೈಡು ನೋಡಿ ಉರು ಹೊಡೆದೆವು. ಆ ಮನುಷ್ಯನ ಮೇಲೆ ನನಗೆ ಅವತ್ತು ಹುಟ್ಟಿದ ದ್ವೇಷ ಇವತ್ತಿಗೂ ತಣ್ಣಗಾಗಿಲ್ಲ. ಆಗಲಿ ಎಂಬ ಆಸೆಯೂ ಇಲ್ಲ.

ಮುಂದೆ ನಾನೂ ಇಂಗ್ಲಿಷ್ ಟೀಚರಾಗಿ ಅದೇ ಶಾಲೆಗೆ ಬಂದೆ. ಸುದ್ದಿ ಹೇಳಲು ಶ್ರೀನಿವಾಸಪುರಕ್ಕೆ ಹೋದಾಗ ಮೇಡಂ ಹಾಸಿಗೆ ಹಿಡಿದಿದ್ದರು. ಹೆಡ್‌ಮಾಸ್ಟರ ಮಾತು ಅವರೇ ತೆಗೆದರು.

"ಕ್ಷಮಿಸಿದ್ದೀನಿ ಅಂತ ಸುಳ್ಳು ಹೇಳಲ್ಲ ಕಣೇ. ಆ ಮನುಷ್ಯನ್ನ ಮುಂದೆ ಕೂರಿಸಿ ಒಂದ್ಸಲ ಆ ಸೀನ್ ಆಡಿಸು. ಮೊದಲು ತೆಲುಗಲ್ಲಿ, ಆಮೇಲೆ ಇಂಗ್ಲಿಷಲ್ಲಿ."

"ಆಡಿಸ್ತೀನಿ ಮೇಡಂ," ಎಂದೆ. ಆಡಿಸುವ ಮೊದಲೇ ಮೇಡಂ ತೀರಿಹೋದರು.

ಹೋದ ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ ನಿವೃತ್ತರಾಗಿದ್ದ ಆ ಹೆಡ್‌ಮಾಸ್ಟರನ್ನೇ ಅತಿಥಿಯಾಗಿ ಕರೆಸಿದೆ. ಕೋಲಾರದಿಂದ ಕಾರಿನಲ್ಲಿ ಕರೆತಂದು, ಶಾಲು ಹೊದಿಸಿ, ಮೊದಲ ಸಾಲಿನಲ್ಲಿ ಕೂರಿಸಿದೆ. ನನ್ನ ಕ್ಲಾಸಿನ ಮಕ್ಕಳು ಅದೇ ದೃಶ್ಯವನ್ನು ತೆಲುಗಿನಲ್ಲಿ ಜಗಳವಾಡಿ, ಹಾಗೇ ಇಂಗ್ಲಿಷಿಗೆ ಹೊರಳಿದರು. ನಾನು ನಾಟಕ ನೋಡಲಿಲ್ಲ, ಹೆಡ್‌ಮಾಸ್ಟರ ಮುಖ ನೋಡುತ್ತಾ ನಿಂತೆ. ಅದು ಬಿಳಿಚಿಕೊಳ್ಳಲಿಲ್ಲ. ಎದ್ದು ನಿಂತು ಚಪ್ಪಾಳೆ ಹೊಡೆದರು.

"ಬೊಂಬಾಟಾಗಿ ಕಲಿಸಿದ್ದೀರಮ್ಮ. ಯಾರು ಹೇಳಿಕೊಟ್ಟಿದ್ದು ಇದನ್ನ?"

"ನೀವು ಶ್ರೀನಿವಾಸಪುರಕ್ಕೆ ಕಳಿಸಿದ್ರಲ್ಲ ಸಾರ್, ಆ ಮೇಡಂ."

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. "ಯಾರಮ್ಮ ಅವರು? ನೆನಪಿಲ್ವಲ್ಲ," ಎಂದರು. ನಾಟಕವಾಡುತ್ತಿರಲಿಲ್ಲ, ನಿಜಕ್ಕೂ ಮರೆತಿದ್ದರು. ನನ್ನ ಮೈ ಉರಿದುಹೋಯಿತು.

ಈ ವರ್ಷವೂ ಅವರನ್ನೇ ಕರೆದಿದ್ದೇನೆ, ಬರುತ್ತೇನೆಂದು ಖುಷಿಯಿಂದ ಒಪ್ಪಿದ್ದಾರೆ. ಈ ಸಲ ನಾಟಕಕ್ಕೆ ಮೊದಲು ಮೈಕಿನಲ್ಲಿ ಮಾತಾಡುವವಳು ನಾನು. ಆ ಮೇಡಂ ಯಾರು, ಹೇಗೆ ಕಲಿಸಿದರು, ಅವರನ್ನು ಇಲ್ಲಿಂದ ಕಳಿಸಿದವರು ಯಾರು ಎಂದು ಇಡೀ ಊರಿನೆದುರು ಹೇಳುತ್ತೇನೆ. ಹೆಡ್‌ಮಾಸ್ಟರು ಶಾಲು ಹೊದ್ದುಕೊಂಡೇ ಕೂತು ಕೇಳಬೇಕು.