ಕುಂಬಳೆಯ ಸುಬ್ರಾಯ, ಐಲ್ಯಾಂಡಿನ ಸುಬ್ರಹ್ಮಣ್ಯನ್

ಕುಂಬಳೆಯ ಸುಬ್ರಾಯ ಕೊಚ್ಚಿಗೆ ಬಂದ ಹೊಸತರಲ್ಲಿ ಬಾಯಿ ತೆರೆದರೆ ಸಾಕು, ಬಂದರಿರುವ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ಯಾಂಟೀನಿನಲ್ಲಿ ನಗು. ಕಾಸರಗೋಡಿನ ಮಲಯಾಳ, ಅದಕ್ಕೆ ಕನ್ನಡದ ಒಗ್ಗರಣೆ! ಹಲ್ಲು ಕಚ್ಚಿ ಅವರ ಮಲಯಾಳವನ್ನೇ ಕಲಿತ, ಹೆಸರನ್ನೂ ಸುಬ್ರಹ್ಮಣ್ಯನ್ ಎಂದು ಹೇಳಿಕೊಂಡ. ಬಂದರಿನಲ್ಲಿ ಸರಕು ಬಿಡಿಸಿಕೊಡುವ ಏಜೆಂಟನ ಜಾತಕ ಯಾರು ಕೇಳುತ್ತಾರೆ? ಐಲ್ಯಾಂಡಿನ ಒಬ್ಬರನ್ನೂ ಅವನು ಮನೆಗೆ ಕರೆಯಲಿಲ್ಲ. ಮನೆಯಲ್ಲಿ ಮಾತ್ರ ಕನ್ನಡದ ಕಟ್ಟಪ್ಪಣೆ. ಮಗಳು ನಂದಿತಾ ಮಲಯಾಳದಲ್ಲಿ ಉತ್ತರಿಸಿದರೆ, "ಎಂತದು? ನಮ್ಮ ಭಾಷೆ ಮಾತಾಡ್ಲಿಕ್ಕೆ ನಾಚಿಕೆಯಾ ನಿಂಗೆ?" ಎಂದು ಊಟದ ತಟ್ಟೆಯ ಮುಂದೆಯೇ ಗದರುತ್ತಿದ್ದ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ!

ಈಗ ಆ ಮಗಳು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ತಿರುವನಂತಪುರದ ಒಂದು ಕಾಲೇಜಿನಲ್ಲಿ ಅವಳ ಭಾಷಣ, ಜೊತೆಗೆ ಸುಬ್ರಾಯನೂ ಹೊರಟ. ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ನಾಯಕನ ಬಗ್ಗೆ. ಊರಲ್ಲಿ ಒಂದು ಮುಖ, ಪಟ್ಟಣದಲ್ಲಿ ಇನ್ನೊಂದು ಮುಖ ಅವನಿಗೆ. ಆಲುವದಲ್ಲಿ ರೈಲು ಹತ್ತಿದಾಗಿನಿಂದ ಅವಳದು ಬಾಯಿಪಾಠ. "ಅವನಿಗೆ ವೈರಿಗಳ ಹೆದರಿಕೆಯಿಲ್ಲ, ಮನೆಯವರು ಎದುರಾದಾರೆಂಬ ಹೆದರಿಕೆ" ಎಂಬ ಮಾತು ಕಿವಿಗೆ ಬಿದ್ದದ್ದೇ, ಸುಬ್ರಾಯನಿಗೆ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡಂತಾಯಿತು. ಇವಳಿಗೆ ಗೊತ್ತಾಗಿದೆಯೇ? ವೇದಿಕೆಯಲ್ಲಿ ನನ್ನ ಹೆಸರೆತ್ತಿದರೆ?

ಸಭಾಂಗಣದಲ್ಲಿ ಕೂತದ್ದೇ ತಡ, ಪಕ್ಕದಿಂದ "ಸುಬ್ರಹ್ಮಣ್ಯನ್ ಸಾರೇ!" ಎಂಬ ಕೂಗು. ಐಲ್ಯಾಂಡಿನಲ್ಲಿ ವರ್ಷಗಟ್ಟಲೆ ಜೊತೆಗೆ ಚಹಾ ಕುಡಿದ ವಿಲ್ಸನ್! ಈಗ ಅವನ ಕೆಲಸ ವಿಳಿಂಜಂ ಬಂದರಿನಲ್ಲಿ, ಹೆಂಡತಿ ಇದೇ ಕಾಲೇಜಿನ ಅಧ್ಯಾಪಕಿಯಂತೆ. ಸುಬ್ರಾಯನ ಜೀವ ಬಾಯಿಗೆ ಬಂತು. ಮಗಳು ಮಾತಾಡಿದ್ದು ಒಂದೂ ತಲೆಗೆ ಹೋಗಲಿಲ್ಲ. ಕೊನೆಗೆ ಅಧ್ಯಕ್ಷರು, ಇಂಥವರನ್ನು ಕಣ್ಣಾರೆ ಕಂಡಿದ್ದೀಯಾ ಎಂದು ಕೇಳಿದರು.

ನಂದಿತಾ ಸಭೆಯತ್ತ ನೋಡಿದಳು. ಸುಬ್ರಾಯ ತಲೆ ತಗ್ಗಿಸಿದ.

"ನಾನೇ," ಎಂದಳು. "ನನ್ನ ಮನೆಮಾತು ಕನ್ನಡ. ಈವರೆಗೆ ಯಾವ ಗೆಳತಿಗೂ ಹೇಳಿಲ್ಲ."

ಚಪ್ಪಾಳೆ ಬಿತ್ತು. ಬದುಕಿದೆಯಾ ಬಡಜೀವವೇ ಎಂದು ಸುಬ್ರಾಯ ಉಸಿರುಬಿಟ್ಟ. ಅಷ್ಟರಲ್ಲಿ ಅವಳು ಕೆಳಗಿಳಿದು ನೇರ ಅಪ್ಪನತ್ತಲೇ ಬಂದಳು. ವಿಲ್ಸನ್ ಎದ್ದು ನಿಂತ.

"ಚೆನ್ನಾಗಿ ಮಾತಾಡಿದೆ ಮೋಳೇ! ಅಲ್ಲವಾ ಸುಬ್ರಹ್ಮಣ್ಯನ್ ಸಾರೇ? ನೀನು ಯಾರ ಮಗಳು?"

ಆ ಹೆಸರು ಕೇಳಿ ಅವಳು ಒಂದು ಗಳಿಗೆ ಅಪ್ಪನ ಮುಖ ನೋಡಿದಳು. ಅವನ ಕಣ್ಣಿನಲ್ಲಿದ್ದ ದಿಗಿಲು ಅವಳಿಗೆ ಕಂಡಿತು.

"ಕುಂಬಳೆಯ ಸುಬ್ರಾಯರ ಮಗಳು," ಎಂದಳು ಅಚ್ಚ ಮಲಯಾಳದಲ್ಲಿ, ಪಕ್ಕದಲ್ಲಿದ್ದವನು ಯಾರೋ ದಾರಿಹೋಕ ಎಂಬಂತೆ.

ವಿಲ್ಸನ್ ತಿರುಗಿದ. "ಸಾರೇ, ನಿಮಗೆ ಅವರ ಪರಿಚಯ ಉಂಟಾ?"

ನಂದಿತಾ ಉತ್ತರಕ್ಕೆ ಕಾದು ನಿಂತಳು. ಸುಬ್ರಾಯನಿಗೆ ಯಾವ ಭಾಷೆಯಲ್ಲೂ ನಾಲಿಗೆ ಹೊರಳಲಿಲ್ಲ.