ಹಲಸಿನ ಮರದ ಬೆರಳು

ನನ್ನ ತಂಗಿ ಬುಂಗಾಳ ಗಂಡ ದುಮಾ ಸತ್ತವರ ಬೊಂಬೆ ಕೆತ್ತುವವನು. ನಮ್ಮ ತೋರಾಜ ಬೆಟ್ಟದಲ್ಲಿ ದೊಡ್ಡ ಮನೆತನದವರು ತೀರಿಕೊಂಡರೆ ಹಲಸಿನ ಮರದಲ್ಲಿ ಆಳೆತ್ತರದ ಬೊಂಬೆ ಮಾಡಿ, ಉಡಿಸಿ ತೊಡಿಸಿ, ಕಡಿದಾದ ಬಂಡೆಯಲ್ಲಿ ಕೊರೆದ ಮೊಗಸಾಲೆಯಲ್ಲಿ ನಿಲ್ಲಿಸುತ್ತೇವೆ. ಅಲ್ಲಿಂದ ಅವರು ಕೈ ಚಾಚಿ ಗದ್ದೆ ಕಾಯುತ್ತಾರೆ. ನಮ್ಮಂಥವರಿಗೆ ಬಿದಿರಿನದು, ಸಾವಿನ ಹಬ್ಬ ಮುಗಿದ ಮೇಲೆ ಬಿಚ್ಚಿ ಬಿಸಾಡುವಂಥದು.

ದುಮಾನಿಗೆ ಹೊಸದರ ಮೇಲೆ ಆಸೆಯಿಲ್ಲ. ಬಂಡೆಯ ಕೆಳಗೆ ಕೂತು, ಪಾಚಿ ಹಿಡಿದು ಮೂಗು ಸವೆದ ಹಳೇ ಬೊಂಬೆಗಳನ್ನು ಗಂಟೆಗಟ್ಟಲೆ ನೋಡುವನು. ಒಡೆದ ಶವಪೆಟ್ಟಿಗೆಗಳ ಕೆತ್ತನೆಯ ಮೇಲೆ ಬೆರಳಾಡಿಸುವನು. ಒಮ್ಮೆ ಕೆಳಗುರುಳಿದ ತಲೆಬುರುಡೆಯ ಕಣ್ಣಗೂಡಿನಲ್ಲಿ ಜರೀಗಿಡ ಚಿಗುರಿತ್ತು.

"ಎಷ್ಟು ಚೆಂದ ನೋಡು ಭಾವ," ಎಂದ.

"ಚೆಂದವಂತೆ! ನಿನ್ನ ತಲೆ. ಅದು ನಮ್ಮ ಮುತ್ತಜ್ಜನದ್ದೋ ಏನೋ."

"ಅದಕ್ಕೇ ಇಷ್ಟು ಚೆಂದ."

ಇಂಥವನ ಜೊತೆ ಏನು ವಾದ ಮಾಡುವುದು?

ಬುಂಗಾಳ ಉಸಿರು ನಿಂತು ನಾಲ್ಕು ವರ್ಷವಾಗಿತ್ತು. ಸಾವಿನ ಹಬ್ಬ ಮಾಡುವವರೆಗೆ ನಮ್ಮ ಲೆಕ್ಕದಲ್ಲಿ ಯಾರೂ ಸತ್ತಿರುವುದಿಲ್ಲ, ಕಾಯಿಲೆಯಲ್ಲಿರುತ್ತಾರೆ. ಮೈ ಕೆಡದಂತೆ ಮದ್ದು ಹಾಕಿಸಿಕೊಂಡು, ಬಟ್ಟೆ ಸುತ್ತಿಕೊಂಡು ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಅವನು ದಿನಾ ಅನ್ನ, ಕಾಫಿ ಇಟ್ಟು ಬರುತ್ತಿದ್ದ. ಒಂದು ವರ್ಷ, ಎರಡು ವರ್ಷವಾದರೆ ಸರಿ. ಹಬ್ಬಕ್ಕೆ ಬೇಕಾದ ಕೋಣ, ಹಂದಿಗಳನ್ನು ನಾನು ಯಾವಾಗಲೋ ಕೂಡಿಸಿಟ್ಟಿದ್ದೆ. ಊರವರ ಬಾಯಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು.

"ಯಾವಾಗಯ್ಯಾ ಅವಳನ್ನ ಕಳಿಸ್ಕೊಡೋದು?"

"ಇನ್ನೂ ಹುಷಾರಿಲ್ಲ ಭಾವ ಅವಳಿಗೆ."

"ಹುಷಾರಿಲ್ವಂತೆ! ನನ್ನ ಮುಂದೇನೇ ನಾಟಕ ಆಡ್ತೀಯಾ?"

ಒಂದು ದಿನ ಬಾಯಿಬಿಟ್ಟ. "ಕಂಡೋರಿಗೆಲ್ಲ ಬಂಡೆ ಮೇಲೆ ಜಾಗ ಮಾಡಿಕೊಟ್ಟೆ. ಇವಳ್ನ ಬಿದಿರಲ್ಲಿ ಕಟ್ಟಿ ಎಸೀಲಾ? ನನ್ನ ಕೈಲಾಗಲ್ಲ."

ಅವನು ಹೇಳಿದ್ದು ತಪ್ಪಲ್ಲ. ಆದರೆ ಕಟ್ಟಳೆ ಕಟ್ಟಳೆಯೇ. ಎದ್ದು ಬಂದೆ.

ಆ ವರ್ಷ ದೊಡ್ಡಮನೆಯ ಯಜಮಾನಿ ಲಾಯಿ ದಾತು ಅವರ ಬೊಂಬೆ ಕೆತ್ತುವ ಕೆಲಸ ಬಂತು. ಮುಗಿದ ದಿನ ಅವರ ಮಗಳು ಅಗುಸ್ತಿನಾ ನೋಡಲು ಬಂದಳು. ಬೊಂಬೆ ಎತ್ತಿ ನಿಲ್ಲಿಸಲು ನಾನೂ ಹೋಗಿದ್ದೆ. ಹಳದಿ ಹಲಸಿನಲ್ಲಿ ಮುಖ ಥೇಟ್ ಆಯಮ್ಮನದೇ. ಆಮೇಲೆ ಎಡಗೈ ನೋಡಿದೆ. ಕಿರುಬೆರಳು ಒಳಕ್ಕೆ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಕಣಜದ ಬಾಗಿಲು ದಬ್ಬಿ ಬುಂಗಾಳ ಆ ಬೆರಳು ಮುರಿದವನು ನಾನೇ.

ದೊಡ್ಡಮನೆಯ ಬೊಂಬೆಗೆ ನಮ್ಮ ಮನೆಯ ಬೆರಳು! ಊರಿಗೆ ಗೊತ್ತಾದರೆ ಬೊಂಬೆ ಒಲೆಗೆ, ಇವನು ಊರಾಚೆಗೆ.

ಅಗುಸ್ತಿನಾ ಆ ಕೈಯನ್ನೇ ನೋಡುತ್ತಿದ್ದಳು. "ನಮ್ಮಮ್ಮನ ಬೆರಳು ನೆಟ್ಟಗಿತ್ತಲ್ಲ ದುಮಣ್ಣ?"

ಅವನು ನೆಲದ ಮೇಲಿನ ಚಕ್ಕೆ ಆರಿಸತೊಡಗಿದ.

"ಉಳಿ ಜಾರಿರಬೇಕು," ಎಂದೆ ನಾನು.

"ನಿಮ್ಮನ್ನ ಕೇಳ್ಲಿಲ್ಲ," ಎಂದಳು.

"ಬೇಡ ಅಂದ್ರೆ ತೆಗೀತೀನಿ ತಾಯಿ," ಎಂದು ದುಮಾ ಉಳಿ ಎತ್ತಿಕೊಂಡ.

ಅವಳು ಆ ಬೆರಳನ್ನು ಮೆಲ್ಲಗೆ ಮುಟ್ಟಿದಳು. "ಮೂವತ್ತು ವರ್ಷ ಅಮ್ಮಂಗೆ ಎಲೆ ಮಡಿಸಿಕೊಟ್ಟಿದ್ದು ಬುಂಗಕ್ಕನ ಈ ಕೈಯೇ ಅಲ್ವಾ? ಎಲೆಯಡಿಕೆ ಚೀಲ ಇಲ್ಲಿಗೇ ತೂಗುಹಾಕಿ. ಯಾರಿಗೂ ಕಾಣಲ್ಲ. ಉಳಿ ಕೆಳಗಿಡಿ, ದುಮಣ್ಣ."

ದೊಡ್ಡಮನೆಯ ಹಬ್ಬದ ಕೊನೆಯ ದಿನ ಏಣಿ ಹಾಕಿ ಬೊಂಬೆಯನ್ನು ಬಂಡೆಗೇರಿಸಿದರು. ದುಮಾ ಕೆಳಗೆ ನಿಂತು ಆ ಎಡಗೈಯನ್ನೇ ನೋಡಿದ. ಮಧ್ಯಾಹ್ನ ಸೀದಾ ನಮ್ಮ ಅಂಗಳಕ್ಕೆ ಬಂದ.

"ಭಾವ, ಬುಂಗಾ ತೀರಿಕೊಂಡ್ಲು."

ಈ ಮಾತಿಗಾಗಿ ವರ್ಷಗಟ್ಟಲೆ ಅವನ ಪ್ರಾಣ ತಿಂದವನು ನಾನು. ಆದರೂ ಅಲ್ಲೇ ಕೂತುಬಿಟ್ಟೆ.

"ಯಾವಾಗ?" ಎಂದೆ.

"ಇವತ್ತು," ಎಂದು ಪಕ್ಕದಲ್ಲಿ ಕೂತು ಅತ್ತ.