ಬಸಗೊಂಡಪ್ಪನ ರಟ್ಟೆ

ಬನಹಟ್ಟಿಯ ಬಸಗೊಂಡಪ್ಪ ಹಗಲೆಲ್ಲ ಕೈಮಗ್ಗದಲ್ಲಿ ನೇಯ್ದು, ಸಂಜೆ ಚಿಮ್ಮಡದಲ್ಲಿ ಹಳೇ ಕಾಲದ ಕೈಯಂತ್ರದಿಂದ ಮೂಕಿ ಚಿತ್ರ ತೋರಿಸುತ್ತಿದ್ದ. ಆಗಿನ್ನೂ ಆ ಊರಿಗೆ ಕರೆಂಟು ಬಂದಿರಲಿಲ್ಲ; ಯಂತ್ರದ ಬೆಳಕಿಗೆ ಗ್ಯಾಸ್ ದೀಪವಿತ್ತು. ಅವನು ಹಿಡಿಕೆ ತಿರುಗಿಸಿದಷ್ಟೇ ವೇಗದಲ್ಲಿ ಪರದೆಯ ಮೇಲಿನ ಮಂದಿ ನಡೆಯುತ್ತಿದ್ದರು.

ಅವತ್ತು ರಟ್ಟೆ ಪೂರಾ ಸೋತಿತ್ತು. ಪರದೆಯ ಮೇಲಿನ ಮದುವೆ ಮೆರವಣಿಗೆಯಲ್ಲಿ ಕುಣಿಯುವವರೆಲ್ಲ ಕಾಲೆಳೆಯತೊಡಗಿದರು. ಮದುಮಗನ ಕುದುರೆ ಮುದಿ ಎತ್ತಿನಂತೆ ನಡೆಯಿತು. ಮಂದಿ ಬೈಯುತ್ತಾರೆಂದು ಬಸಗೊಂಡಪ್ಪ ತಲೆ ತಗ್ಗಿಸಿದ.

ದಿನವಿಡೀ ಕಳೆ ತೆಗೆದು ಬಂದಿದ್ದ ಮುದುಕಿ ಸಾತವ್ವ ಮಾತ್ರ ಪರದೆಗೆ ಕೈಮಾಡಿ ಮರುಗಿದಳು.

“ಅಯ್ಯ, ಪಾಪ! ಭಾಳ ದಣದಾರ. ಒಂದೀಟು ದಮ್ ತಗೊಳ್ಲಿ ಬಿಡಪ್ಪಾ.”

ಹಿಡಿಕೆ ತಿರುಗಿಸಿದ ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಬಸಗೊಂಡಪ್ಪನಿಗೆ ಯಾರೂ ಆಡಿರಲಿಲ್ಲ. ಅವನು ಹಿಡಿಕೆ ಬಿಟ್ಟ. ಎತ್ತಿದ ಕಾಲು ಎತ್ತಿದಂತೆಯೇ ಕುದುರೆ ನಿಂತಿತು.